ಆದಾಮನನ್ನು ಮನೆಅಳಿಯ ಮಾಡಿದ್ದು

ಗೊಂದರ್ ಕಡೆಯ ಆ ಬೆಟ್ಟದೂರಿನಲ್ಲಿ ಯೆಶಿಹರೆಗಮ್ಮನಿಗೆ ಇದ್ದದ್ದು ಒಂದೇ ಗಿಡ. ಹಳೆಯ ಎಣ್ಣೆ ಡಬ್ಬದಲ್ಲಿ ಬೆಳೆಸಿದ ತೇನಾದಾಮ್, ಎಲ್ಲರೂ ಕಾಫಿಗೆ ಒಂದು ಕುಡಿ ಅದ್ದಿಕೊಳ್ಳುತ್ತಾರಲ್ಲ, ಆ ಘಾಟು ಸೊಪ್ಪು. ಗಂಡ ತೀರಿಕೊಂಡ ವರ್ಷ ನೆಟ್ಟಿದ್ದಳು. ಮಾತಾಡಿಸಲು ಬೇರೆ ಯಾರೂ ಇಲ್ಲದ್ದರಿಂದ ಅದನ್ನು 'ಆದಾಮ' ಎಂದೇ ಕರೆಯುತ್ತಿದ್ದಳು.

ಜನಗಣತಿಗೆ ಬಂದ ಗುಮಾಸ್ತ ಗೆಟಾಹುನ್ ಬಾಗಿಲಲ್ಲೇ ನಿಂತು, ಪುಸ್ತಕದಿಂದ ತಲೆ ಎತ್ತದೆ ಕೇಳಿದ.

"ಮನೇಲಿ ಯಾರ್ಯಾರು ಇದ್ದೀರಮ್ಮ?"

"ನಾನು, ಆದಾಮ. ಇಬ್ರೇ."

"ಅವನಿಗೆಷ್ಟು ವಯಸ್ಸು?"

"ನಮ್ಮವರು ಹೋದ ವರ್ಷ ಬಂದ. ಹದಿನೆಂಟಾಯ್ತು."

"ಕೆಲಸ?"

"ಏನು ಕೆಲಸ! ದಿನವಿಡೀ ಬಿಸಿಲಲ್ಲಿ ನಿಂತಿರ್ತಾನೆ."

ಗುಮಾಸ್ತ 'ಕೂಲಿ' ಎಂದು ಬರೆದುಕೊಂಡು ಹೋದ.

ವಾರದೊಳಗೆ ಕಚೇರಿಯಿಂದ ಕರೆ ಬಂತು. ಬಡಾವಣೆಯ ಚರಂಡಿ ತೋಡಲು ಹರೆಯದ ಗಂಡಸರೆಲ್ಲ ಬರಬೇಕು, ಆದಾಮನೂ. ಕಾಗದದ ಮೇಲೆ ಮೊಹರು ಇತ್ತು. ಮೊಹರಿಗೆ ಹೆದರಿ ಯೆಶಿಹರೆಗಮ್ಮ ಡಬ್ಬ ಹೊತ್ತುಕೊಂಡು ಹೋದಳು. ಮೇಸ್ತ್ರಿ ವೊರ್ಕುನೆಹ್ ಗಿಡ ನೋಡಿದ, ಪಟ್ಟಿ ನೋಡಿದ, ಮತ್ತೆ ಗಿಡ ನೋಡಿದ.

"ಹೆಸರಿದೆ, ಬಂದಿದ್ದಾನೆ," ಎಂದು ಗುರುತು ಹಾಕಿ, ಡಬ್ಬಕ್ಕೆ ಒಂದು ಸಲಿಕೆ ಒರಗಿಸಿದ.

ಸಂಜೆಗೆ ಉಳಿದವರಿಗೆಲ್ಲ ಬೈಗುಳ. "ನಾಚಿಕೆ ಆಗಲ್ವೇನ್ರೋ? ಆದಾಮನ್ನ ನೋಡಿ. ಬೆಳಗಿಂದ ಒಂದ್ಸಲ ಕೂತಿದ್ದಾನಾ? ಬೀಡಿ ಸೇದಿದ್ದಾನಾ?"

ಮುಂದೆ ಚರಂಡಿ ಯಾರ ಬೇಲಿ ಪಕ್ಕ ಹೋಗಬೇಕೆಂದು ಜಗಳ ಹತ್ತಿದಾಗ, ಯಾರ ಪರವೂ ವಹಿಸದವನು ಇವನೊಬ್ಬನೇ ಎಂದು ಆದಾಮನನ್ನೇ ಬಡಾವಣೆ ಸಮಿತಿಯ ಅಧ್ಯಕ್ಷನನ್ನಾಗಿ ಆರಿಸಿಬಿಟ್ಟರು.

ಅಲ್ಲಿಂದ ಶುರುವಾಯಿತು ಗ್ರಹಚಾರ. ದೂರು ಹೇಳಲು ಬಂದವರೆಲ್ಲ ಮರ್ಯಾದೆಗೆಂದು ಒಂದೊಂದು ಚೊಂಬು ನೀರು ಹೊಯ್ದರು, ಹೋಗುವಾಗ ಕಾಫಿಗೆಂದು ಒಂದೊಂದು ಕುಡಿ ಚಿವುಟಿದರು. ಬುಡ ಒಣಗಿದ್ದಷ್ಟೂ ಚೆನ್ನಾಗಿರುವ ಗಿಡ ಅದು. ತಿಂಗಳಲ್ಲಿ ಬೇರು ಕೊಳೆಯತೊಡಗಿತು, ತಲೆ ಬೋಳಾಯಿತು. ಮುದುಕಿಗೆ ಅನ್ನ ಸೇರಲಿಲ್ಲ. ಕಚೇರಿಗೆ ಓಡಿದಳು.

"ಅವನ ಹೆಸರು ಹೊಡೆದುಹಾಕಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಅದು ಗಿಡ ಕಣೋ!"

"ಗೊತ್ತಮ್ಮ," ಎಂದ ಗೆಟಾಹುನ್, ಬೇಸರದಿಂದ. "ಗಿಡ ಅಂತ ಕಾರಣ ಬರೆಯೋಕೆ ಪುಸ್ತಕದಲ್ಲಿ ಜಾಗ ಇಲ್ಲ. ಒಂದೋ ಸಾಯಬೇಕು, ಇಲ್ಲ ಮದುವೆಯಾಗಿ ಬೇರೆ ಬಡಾವಣೆಗೆ ಹೋಗಬೇಕು."

ಸಾಯಿಸಲು ಮನಸ್ಸು ಬರಲಿಲ್ಲ. ಹಳ್ಳದಾಚೆಯ ಬಡಾವಣೆಯಲ್ಲಿ ಮುಲುನೆಶ್ ಎಂಬಾಕೆ ಬೆಸೊಬಿಲಾ ಬೆಳೆಸಿದ್ದಳು. ತುಳಸಿಯ ಜಾತಿ, ಮೈತುಂಬ ಹೂ. ಯೆಶಿಹರೆಗಮ್ಮ ಪದ್ಧತಿಯಂತೆ ಮೂವರು ಹಿರಿಯರನ್ನು ಹೆಣ್ಣು ಕೇಳಲು ಕಳಿಸಿ, ತಾನೂ ಹಿಂದೆ ಹೋದಳು. ಒಪ್ಪುವವರೆಗೆ ಕೂರುವುದಿಲ್ಲವೆಂದು ಹಿರಿಯರು ಗೇಟಿನಲ್ಲೇ ನಿಂತರು.

"ನಮ್ಮ ಹುಡುಗಿ ದಿನಾ ನೀರು ಕುಡಿಯೋಳು," ಎಂದು ಮುಲುನೆಶ್ ರಾಗ ಎಳೆದಳು. "ನಿಮ್ಮವನಿಗೆ ನೀರು ಕಂಡ್ರೆ ಆಗಲ್ಲ. ಸಂಸಾರ ಹೇಗೆ ನಡೆಯುತ್ತೆ ತಾಯಿ?"

"ನಿಮ್ಮ ಅಂಗಳದಲ್ಲಿ ಅವನಿಗೆ ಮೇಲೆ ಕಲ್ಲು, ಮರಳಿನ ದಿಬ್ಬ. ಅವಳಿಗೆ ಕೆಳಗೆ ತಂಪು ಮಣ್ಣು. ಗಂಡ ಹೆಂಡತಿ ಒಂದು ಮೊಳ ದೂರ ಇದ್ರೆ ಜಗಳಾನೂ ಕಮ್ಮಿ," ಎಂದಳು ಯೆಶಿಹರೆಗಮ್ಮ.

ಹಿರಿಯರಿಗೆ ಕಾಲು ನೋಯುತ್ತಿತ್ತು. "ಸರಿಯಾದ ಮಾತು," ಎಂದರು.

ಮದುವೆಯ ದಿನ ವೊರ್ಕುನೆಹ್ ಕೂಡ ಬಂದು ಮನೆಯಲ್ಲೇ ಹುದುಗಿಸಿದ ತೆಲ್ಲಾ ಬಿಯರ್ ಕುಡಿದು ಕುಣಿದ. ಡಬ್ಬ ಕತ್ತರಿಸಿ, ಕೊಳೆತ ಬೇರು ಸವರಿ, ದಿಬ್ಬಕ್ಕೆ ನೆಟ್ಟು ಮಣ್ಣು ಒತ್ತುವಾಗ ಯೆಶಿಹರೆಗಮ್ಮ ಬಿಕ್ಕಿಬಿಕ್ಕಿ ಅತ್ತಳು. ಗೆಟಾಹುನ್ ಪಕ್ಕದಲ್ಲೇ ನಿಂತು ವರ್ಗಾವಣೆಯ ಕಾಗದಕ್ಕೆ ಮೊಹರು ಒತ್ತಿದ.

ಎರಡು ತಿಂಗಳಿಗೆ ನೀಲಿ ಛಾಯೆಯ ಹಸಿರು ಚಿಗುರು ಕಾಣಿಸಿತು. ಮುದುಕಿ ದಿನ ಬೆಳಗಾದರೆ ಹಳ್ಳ ದಾಟಿ ಹಾಜರು.

"ಏನು ಬೀಗಿತ್ತಿ," ಎಂದಳು ಮುಲುನೆಶ್, ಕಾಫಿ ಬೀಜ ಹುರಿಯುತ್ತ. "ಮಗನನ್ನ ಮನೆಅಳಿಯ ಮಾಡಿ ಕೊಟ್ಟಮೇಲೆ ಹೀಗೆ ದಿನಾ ಬಂದು ಕೂತ್ರೆ ನನ್ನ ಹುಡುಗಿ ಏನಂದ್ಕೊಳ್ಳಬೇಕು?"

"ಏನಾದ್ರೂ ಅಂದ್ಕೊಳ್ಲಿ," ಎಂದು ಯೆಶಿಹರೆಗಮ್ಮ ದಿಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಕತ್ತರಿ ಕೊಡು. ಅವಳ ಹೂ ಇವನ ಮೇಲೆ ಬೀಳ್ತಿದೆ."