ಬೂಟಿನ ತಳದ ಮೂರು ತೂತು

ಆವತಿಯಲ್ಲಿ ಹುಟ್ಟಿದವಳಿಗೆ ಹಿಮದ ಮೇಲೆ ಜಾರುವ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಪಕ್ಕದ ದೇವನಹಳ್ಳಿಯ ಒಂದು ಶಾಲೆಯಲ್ಲಿ ನಾನು ಪಿ.ಟಿ. ಮೇಡಂ. ಒಂದು ರಜೆಯಲ್ಲಿ ಹಿಮಾಚಲಕ್ಕೆ ಹೋದೆ, ಸ್ಕೀ ಕಲಿತೆ, ಇಷ್ಟವಾಯಿತು. ಅಷ್ಟೇ ಕಥೆ. ಇಲ್ಲಿ ಚಕ್ರವಿರುವ ಸ್ಕೀ ಕಟ್ಟಿಕೊಂಡು ಏರ್‌ಪೋರ್ಟ್ ಕಡೆಯ ಸರ್ವಿಸ್ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಕ್ಯಾಬ್‌ನವರು ಗಾಡಿ ನಿಧಾನ ಮಾಡಿ, ಪೆಟ್ರೋಲ್ ಖಾಲಿಯಾಯ್ತಾ ಮೇಡಂ ಎಂದು ಕೇಳಿ ನಗುತ್ತಿದ್ದರು. ನಗಲಿ ಬಿಡಿ, ನಮ್ಮಪ್ಪನ ಗಂಟೇನು ಹೋಗುತ್ತೆ.

ಹೋದ ವರ್ಷ ನಮ್ಮ ತರಬೇತುದಾರ ಆನಂದ್ ಸರ್ ಫೋನ್ ಮಾಡಿದರು. ಸಣ್ಣ ತಂಡ, ಸ್ಕೀ ಮೇಲೆಯೇ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ದಾಟಬೇಕು, ದಾರಿಯಲ್ಲಿ ಊರಿಲ್ಲ ಕೇರಿಯಿಲ್ಲ, ಬರ್ತೀಯಾ ಎಂದರು. ಸರಿಯಾಗಿ ದಾಟಿದರೆ ಮುಂದಿನ ಚಳಿಗಾಲದಿಂದ ಸಹಾಯಕ ತರಬೇತುದಾರಳ ಕೆಲಸ ನನ್ನದು ಎಂದೂ ಹೇಳಿದರು. ಬದುಕಿನಲ್ಲಿ ನಾನು ಇಷ್ಟು ಆಸೆಪಟ್ಟದ್ದು ಇನ್ನೊಂದಿಲ್ಲ. ಬರ್ತೀನಿ ಸರ್ ಎಂದು ಅಲ್ಲೇ ಹೇಳಿಬಿಟ್ಟೆ.

ಆಮೇಲೆ ಶುರುವಾಯಿತು ಬೈಂಡಿಂಗ್ ಹುಡುಕಾಟ. ಬೈಂಡಿಂಗ್ ಎಂದರೆ ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಕೊಂಡಿ. ಈ ಬಗೆಯ ಸ್ಕೀಯಲ್ಲಿ ನಡೆಯುವಾಗ ಹಿಮ್ಮಡಿ ಮೇಲೇಳುತ್ತಿರಬೇಕು, ಬೂಟಿನ ಮುಂದುಗಡೆ ಮಾತ್ರ ಭದ್ರವಾಗಿ ಕಚ್ಚಿಕೊಂಡಿರಬೇಕು. ಒಂದು ಬಗೆಯದರಲ್ಲಿ ಸ್ಪ್ರಿಂಗ್ ಇರುತ್ತದೆ, ಬೂಟು ಒತ್ತಿದರೆ ಟಕ್ಕೆಂದು ಕೂರುತ್ತದೆ, ಹಗುರ. ಆದರೆ ಸ್ಪ್ರಿಂಗಿನೊಳಗೆ ಹಿಮ ಹೊಕ್ಕರೆ ಕಷ್ಟ. ಇನ್ನೊಂದು ಹಳೇ ಬಗೆಯದು. ಲೋಹದ ತಟ್ಟೆಯ ಮೇಲೆ ಮೂರು ಮೊಳೆ, ಬೂಟಿನ ತಳದಲ್ಲಿ ಅದಕ್ಕೆ ಸರಿಯಾಗಿ ಮೂರು ತೂತು. ಮೊಳೆ ತೂತಿನಲ್ಲಿ ಕೂತ ಮೇಲೆ ಮೇಲಿಂದ ಒಂದು ದಪ್ಪ ತಂತಿಯನ್ನು ಅದುಮಿ ಸಿಕ್ಕಿಸುವುದು. ಭಾರ ಜಾಸ್ತಿ, ನೋಡಲು ಮೊದ್ದು, ಆದರೆ ಕೈಕೊಡುವಂಥದ್ದು ಅದರಲ್ಲಿ ಏನೂ ಇಲ್ಲ.

ವಾರಗಟ್ಟಲೆ ತಲೆಕೆಡಿಸಿಕೊಂಡೆ. ಕಂಡಕಂಡವರಿಗೆ ಫೋನ್ ಮಾಡಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆದರು. ಮನೆಯಲ್ಲಿ ಇದನ್ನೆಲ್ಲ ಕೂತು ಕೇಳಿದ್ದು ಪಿಳ್ಳಮ್ಮಜ್ಜಿ ಒಬ್ಬಳೇ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ, ಕೊಂಡಿ ಬಿಟ್ಟುಹೋದರೆ ಏನಾಗುತ್ತದೆ ಎಂದು ಕೇಳಿದಳು. ಸ್ಕೀ ಜಾರಿ ಹೋಗುತ್ತದೆ, ಸೊಂಟದುದ್ದ ಹಿಮದಲ್ಲಿ ಒಂದೇ ಹಲಗೆ ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ ಎಂದೆ. ಅಜ್ಜಿಯ ಕೈ ನಿಂತಿತು. ಮೊಳೆಯದ್ದನ್ನೇ ತಗೊ ಎಂದಳು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಅಜ್ಜಿ ಒಂದು ಕಾಲಕ್ಕೆ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವಳು. ಅವಳ ಹೊಲಿಗೆ ಮೆಷಿನ್ ಈಗಲೂ ಕಿಟಕಿ ಪಕ್ಕದಲ್ಲಿದೆ. ಅದರ ಮೈಮೇಲಿನ ಸಣ್ಣ ಸಣ್ಣ ತೂತುಗಳಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾಳೆ. ಅಂಗಡಿಯ ಮೆಷಿನ್ ಎಣ್ಣೆ ಅವಳಿಗೆ ಆಗದು, ಏನಿದ್ದರೂ ಕೊಬ್ಬರಿ ಎಣ್ಣೆಯೇ. ತಲೆಗೂ ಅದೇ, ಮೆಷಿನ್‌ಗೂ ಅದೇ, ಗೇಟಿನ ಚಿಲಕಕ್ಕೂ ಅದೇ.

ಹೊರಡುವ ದಿನ ಬೆಳಿಗ್ಗೆ ಸ್ಕೀಗಳನ್ನು ದೇವರ ಮುಂದೆ ಒರಗಿಸಿ ಪೂಜೆ ಮಾಡಿದಳು. ಹೊಸ ಟಿಲ್ಲರ್ ಬಂದಾಗ ಮಾಡಿದ ಹಾಗೆಯೇ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿದಳು. ನಾನು ಬ್ಯಾಗ್ ತುಂಬುವ ಗಡಿಬಿಡಿಯಲ್ಲಿದ್ದೆ. ಬೈಂಡಿಂಗ್ ಮೇಲಿನ ಕುಂಕುಮವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ, ತಂತಿ ಅದುಮಿ ನೋಡಿ, ಎಲ್ಲ ಸರಿಯಿದೆ ಎಂದುಕೊಂಡೆ. ಬೂಟನ್ನು ತಿರುಗಿಸಿ ನೋಡಲಿಲ್ಲ.

ಮೊದಲ ದಿನವೇ ಬೂಟು ಸ್ವಲ್ಪ ಬಿಗಿಯಾಗಿ ಕೂತಿತು. ತೂತುಗಳಲ್ಲಿ ಬೆಳ್ಳಗೆ ಏನೋ ಇತ್ತು. ಹಿಮದ ನಾಡಿನಲ್ಲಿ ಬೆಳ್ಳಗಿದ್ದದ್ದು ಹಿಮವಲ್ಲದೆ ಇನ್ನೇನು? ಚಾಕುವಿನ ತುದಿಯಿಂದ ಒಂದಿಷ್ಟು ಕೆರೆದು, ತಂತಿಯನ್ನು ಜೋರಾಗಿ ಅದುಮಿದೆ, ಸಿಕ್ಕಿಕೊಂಡಿತು. ಹೊಸದಲ್ಲವೇ, ಬಿಗಿ ಇರುತ್ತದೆ ಎಂದುಕೊಂಡೆ. ಮೊಳೆಗಳು ಅರ್ಧಕ್ಕೇ ನಿಂತಿದ್ದವು.

ಮಾರನೆಯ ದಿನ ಇಳಿಜಾರಿನಲ್ಲಿ ಅಡ್ಡಡ್ಡ ಸಾಗುತ್ತಿದ್ದಾಗ ಬಲಗಾಲು ಇದ್ದಕ್ಕಿದ್ದಂತೆ ಹಗುರಾಯಿತು. ನೋಡಿದರೆ ಸ್ಕೀ ನನ್ನನ್ನು ಬಿಟ್ಟು ಒಂದೇ ಸಮನೆ ಕೆಳಗೆ ಹೋಗುತ್ತಿತ್ತು. ಎಲ್ಲರೂ ನಿಂತು ನೋಡಿದೆವು, ಅದು ಕೊರಕಲಿನೊಳಗೆ ಬಿದ್ದು ಮಾಯವಾಗುವ ತನಕ.

ನನ್ನೊಬ್ಬಳಿಂದ ತಂಡವೆಲ್ಲ ವಾಪಸು ಬಂತು. ಹಿಮದಲ್ಲಿ ಹೂತು ಹೂತು ನಡೆಯುವ ನನಗಾಗಿ ಎಲ್ಲರೂ ಅಲ್ಲಲ್ಲಿ ನಿಂತು ಕಾದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆನಂದ್ ಸರ್ ಮಾತ್ರ ಕೆಳಗೆ ತಲುಪಿದ ಮೇಲೆ, ಸಾಮಾನು ನೋಡಿಕೊಳ್ಳದವರ ಕೈಗೆ ಮಕ್ಕಳನ್ನು ಕೊಡೋಕಾಗಲ್ಲ ಸಿಂಚನ ಎಂದರು. ಕೆಲಸ ನಾಸಿಕದ ಹುಡುಗಿಯೊಬ್ಬಳಿಗೆ ಹೋಯಿತು.

ಅಲ್ಲಿನ ಕೋಣೆಯಲ್ಲಿ ಒಲೆಯ ಹತ್ತಿರ ಬೂಟು ಒಣಗಲು ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಬೂಟಿನ ತಳದಿಂದ ಎಣ್ಣೆಯ ಒಂದು ಹನಿ ಇಳಿಯಿತು. ಕೋಣೆಯ ತುಂಬ ಅಜ್ಜಿಯ ತಲೆಯ ವಾಸನೆ. ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತೆ.

ರೈಲು ಪ್ರಯಾಣದುದ್ದಕ್ಕೂ ಅಜ್ಜಿಗೆ ಏನೇನು ಬಯ್ಯಬೇಕು ಎಂದು ಜೋಡಿಸಿಕೊಂಡು ಬಂದೆ. ಬಾಗಿಲಲ್ಲಿ ಅವಳು ದೃಷ್ಟಿ ತೆಗೆದು, ನನ್ನ ಕೆನ್ನೆ ಸವರಿ, ಕಪ್ಪಾಗಿಬಿಟ್ಟಿದ್ದೀಯ ಎಂದಳು. ಹವಾ ಸರಿ ಇರಲಿಲ್ಲ, ವಾಪಸ್ ಬಂದ್ಬಿಟ್ವಿ ಎಂದು ಸುಳ್ಳು ಹೇಳಿದೆ. ಕೊಂಡಿ ಗಟ್ಟಿಯಾಗಿತ್ತಾ ಎಂದು ಕೇಳಿದಳು. ಗಟ್ಟಿಯಾಗಿತ್ತು ಎಂದೆ. ಕಳೆದುಹೋದ ಸ್ಕೀ ಬಗ್ಗೆ, ಅದನ್ನು ಅಲ್ಲೇ ಇಟ್ಟು ಬಂದಿದ್ದೇನೆ ಎಂದೆ.

ಈ ಡಿಸೆಂಬರ್‌ನಲ್ಲಿ ಆವತಿಯಲ್ಲಿ ಒಳ್ಳೆ ಚಳಿ. ಒಂದು ಬೆಳಿಗ್ಗೆ ಎದ್ದು ಬಂದರೆ ಅಜ್ಜಿ ತಲೆ ಕೆದರಿಕೊಂಡು ಜಗಲಿಯಲ್ಲಿ ಕೂತಿದ್ದಳು. ಕೈಯಲ್ಲಿ ಎಣ್ಣೆ ಸೀಸೆ. ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಪ್ರತಿ ಚಳಿಗಾಲವೂ ಗಟ್ಟಿಯಾಗುತ್ತದೆ, ಪ್ರತಿ ಚಳಿಗಾಲವೂ ಬಿಸಿಲಿಗೆ ಇಡುತ್ತೇವೆ. ಆದರೆ ಆವತ್ತು ಅವಳು ಸೀಸೆಯನ್ನು ಬಿಸಿಲಿಗೆ ಇಡದೆ ಬೋರಲು ಹಿಡಿದು ನೋಡುತ್ತಿದ್ದಳು. ಒಂದು ಹನಿಯೂ ಬೀಳಲಿಲ್ಲ.

"ಅಲ್ಲಿ ಇದಕ್ಕಿಂತ ಚಳಿ ಅಲ್ವೇನವ್ವಾ?" ಎಂದಳು.

ಅವಳು ಏನು ಯೋಚಿಸುತ್ತಿದ್ದಾಳೆಂದು ನನಗೆ ತಕ್ಷಣ ಹೊಳೆಯಿತು.

"ಆ ಬೂಟಿನ ತೂತಿಗೆ ಎಣ್ಣೆ ತುಂಬ್ಸಿದ್ದೆ ಕಣವ್ವಾ. ಮೆಷಿನ್‌ಗೆ ಬಿಡೋ ಹಂಗೆ, ಸಲೀಸಾಗಿ ಓಡ್ಲಿ ಅಂತ."

ನಾನು ಅವಳ ಪಕ್ಕ ಕೂತೆ. ಹೋದದ್ದು ಹೋಯಿತು ಬಿಡಜ್ಜಿ ಎಂದೆ. ಅದು ಅವಳಿಗೆ ಸಾಕಾಯಿತು, ಎಲ್ಲ ಅರ್ಥವಾಯಿತು. ಅವಳು ಅಳಲಿಲ್ಲ. ಬೂಟು ಎಲ್ಲಿ, ತಗೊಂಬಾ ಎಂದಳು. ತಂದುಕೊಟ್ಟೆ. ಮಡಿಲಲ್ಲಿ ಬೋರಲು ಹಾಕಿಕೊಂಡು, ಮುಡಿಯಿಂದ ಪಿನ್ನು ತೆಗೆದು ತೂತುಗಳನ್ನು ಕೆರೆಯತೊಡಗಿದಳು. ಅವನ್ನು ಸೋಪಿನ ನೀರಲ್ಲಿ ತೊಳೆದು ಎಷ್ಟೋ ತಿಂಗಳಾಗಿದೆ, ಒಳಗೆ ಏನೂ ಇಲ್ಲ ಅಜ್ಜಿ ಎಂದೆ. ಕೇಳಿಸಿಕೊಳ್ಳಲಿಲ್ಲ. ಪಿನ್ನನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಕೆರೆಯುತ್ತಲೇ ಇದ್ದಳು.