ನೀಲಿ ಹೊಗೆ

"ಒತ್ತು, ಇನ್ನೂ ಸ್ವಲ್ಪ ಒತ್ತು," ಎಂದು ಲಾಲ್ ಅಹ್ಮದ್ ಕೂಗಿದ. ಲಾರಿಯ ಸೈಲೆನ್ಸರಿನ ಬಾಯಿಗೆ ಬಿಳಿ ಅರಿವೆ ಹಿಡಿದು ಅವನು ಕುಕ್ಕರಗಾಲಲ್ಲಿ ಕೂತಿದ್ದ. ಕ್ಯಾಬಿನ್ನಿನಲ್ಲಿದ್ದ ದಿಲೀಪ ಎಕ್ಸಿಲರೇಟರ್ ತುಳಿದ. ಅರಿವೆಗೆ ಎಣ್ಣೆಯ ಸಣ್ಣ ಸಣ್ಣ ಹನಿ ಹತ್ತಿದವು. ಹೊಗೆ ತಿಳಿನೀಲಿಯಾಗಿತ್ತು.

ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಬಿಳಿ ಬಂದರೆ ನೀರು ಸೇರಿದೆ, ನೀಲಿ ಬಂದರೆ ಆಯಿಲ್ ಸುಡುತ್ತಿದೆ. ಇಷ್ಟು ಯಾವ ಮಿಸ್ತ್ರಿಯಾದರೂ ಹೇಳಿಯಾನು. ಆ ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಹೇಳುವವನು ಮಾತ್ರ ಕಲಬುರಗಿಯಲ್ಲಿ ಲಾಲ್ ಅಹ್ಮದ್ ಒಬ್ಬನೇ ಎಂದು ಜನ ನಂಬಿದ್ದರು. ಹುಮನಾಬಾದ್ ರಸ್ತೆಯ ಅವನ ಗ್ಯಾರೇಜಿಗೆ ಬೀದರಿನಿಂದಲೂ ಲಾರಿಗಳು ಬರುತ್ತಿದ್ದವು. ಹೊಗಳಿದಷ್ಟೂ ಮನುಷ್ಯ ಉಬ್ಬುತ್ತಾನೆ. ಅವನೂ ಸ್ವಲ್ಪ ಉಬ್ಬಿದ್ದ.

ದಿಲೀಪ ಕಮಲಾಪುರದವನು. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಹೈದರಾಬಾದಿಗೆ ಒಯ್ಯುತ್ತಿದ್ದ. ಹಳೆಯ ಎಂಜಿನ್ ಜಾಮಾಗಿ ನಿಂತುಹೋದದ್ದರಿಂದ ಹೋದ ವಾರ ಗುಜರಿಯಿಂದ ಇನ್ನೊಂದನ್ನು ತಂದು ಕೂಡಿಸಿದ್ದ. ಮೈತುಂಬ ಹಸಿರು ಬಣ್ಣ ಬಳಿದು ಮದುಮಗನ ಹಾಗೆ ಸಿಂಗರಿಸಿದ್ದ ಎಂಜಿನ್ನು ಅದು.

"ಪಿಸ್ಟನ್ನಿಗಿ ಹೊಸಾ ರಿಂಗ್ ಹಾಕ್ಯಾರ, ಇನ್ನಾ ಕೂತಿಲ್ಲ," ಎಂದ ಲಾಲ್ ಅಹ್ಮದ್. "ಸಾವಿರ ಕಿಲೋಮೀಟರ್ ಓಡ್ಸು, ಹೊಗಿ ತಾನೇ ಹೋಗ್ತದ."

ಹೇಳಿದ ಮರುಗಳಿಗೆಗೆ ಎಂಜಿನ್ನಿನ ದನಿ ಏರಿತು.

"ಕಾಲು ತಗಿ."

"ತಗದೀನಿ ಚಾಚಾ."

"ಮತ್ತ ಬಂದ್ ಮಾಡು."

ದಿಲೀಪ ಕೀಲಿಕೈ ಕಿತ್ತು ಕಿಟಕಿಯಿಂದ ಹೊರಗೆ ಹಿಡಿದು ತೋರಿಸಿದ. ಎಂಜಿನ್ ನಿಲ್ಲಲಿಲ್ಲ. ಅದರ ದನಿ ಏರುತ್ತಾ ಏರುತ್ತಾ ಊಳಾಯಿತು, ಲಾರಿ ಗಡಗಡ ನಡುಗಿತು, ಗ್ಯಾರೇಜು ನೀಲಿ ಹೊಗೆಯಲ್ಲಿ ಮುಳುಗಿತು. ಲಾಲ್ ಅಹ್ಮದ್ ಗಾಳಿಯ ಪೈಪು ಕಿತ್ತು ಅದರ ಬಾಯಿಗೆ ಗೋಣಿಚೀಲ ತುರುಕಿ ಎರಡೂ ಕೈಯಿಂದ ಅದುಮಿದ. ಚೀಲವನ್ನು ಒಳಗಿನಿಂದ ಯಾರೋ ಜಗ್ಗಿದಂತಾಯಿತು. ಆಮೇಲೆ ಎಂಜಿನ್ ಉಸಿರುಗಟ್ಟಿ ಸುಮ್ಮನಾಯಿತು.

"ಡೀಜಲ್ ಬಂದ್ ಆಗ್ಯದ," ದಿಲೀಪ ಇಳಿದು ಬಂದ. "ಮತ್ತ ಇದು ಯಾತರ ಮ್ಯಾಲ ಓಡ್ತು?"

"ಆಯಿಲ್ ಮ್ಯಾಲ. ರಿಂಗ್ ಅಲ್ಲ, ಗಾಳಿ ದೂಡೋ ಟರ್ಬೋದ ಸೀಲ್ ಹೋಗ್ಯದ. ಆಯಿಲ್ ಸೀದಾ ಗಾಳಿ ಪೈಪಿಗಿ ಇಳದು ಅಲ್ಲೇ ಉರೀತದ. ಇಂಥಾದ್ದಕ್ಕ ಕೀಲಿನೂ ಇಲ್ಲ, ಬ್ರೇಕೂ ಇಲ್ಲ."

ಹೇಳುತ್ತಲೇ ಅವನ ಕಣ್ಣು ಎಂಜಿನ್ನಿನ ಬದಿಗೆ ಹೋಯಿತು. ಕಾವಿಗೆ ಹಸಿರು ಬಣ್ಣ ಹೊಪ್ಪಳೆ ಎದ್ದಿತ್ತು. ಉಗುರಿನಿಂದ ಕೆರೆದ. ಕೆಳಗೆ ಅಂಗೈಯಗಲದ ಪಿತ್ತಳೆಯ ಬೆಸುಗೆ ಹಳದಿಯಾಗಿ ಹೊಳೆಯಿತು. ಬಿರಿದ ಎಂಜಿನ್ನಿಗೆ ಪಿತ್ತಳೆ ತುಂಬಿ ಬೆಸೆದದ್ದು ಅವನು ಜನ್ಮದಲ್ಲಿ ಒಂದೇ ಸಲ. ಅದು ರಾಮಣ್ಣನ ಲಾರಿಗೆ. ಅದೇ ಎಂಜಿನ್ನು ಗುಜರಿಯಿಂದ ತಿರುಗಿ ಬಂದಿತ್ತು.

ಆರು ವರ್ಷದ ಹಿಂದೆ ರಾಮಣ್ಣ ಇದೇ ಗ್ಯಾರೇಜಿನ ಬಾಗಿಲಲ್ಲಿ ನಿಂತು, "ನೀಲಿ ಹೊಗಿ ಬರಾಕತ್ತದ ಮಿಸ್ತ್ರಿ, ಒಂದೀಟು ನೋಡ್ರಿ" ಎಂದಿದ್ದ. ಲಾಲ್ ಅಹ್ಮದ್ ಚಹದ ಬಟ್ಟಲು ಕೆಳಗಿಡದೆ, ಕೂತಲ್ಲಿಂದ ಏಳದೆ, ಇದೇ ಸಾವಿರ ಕಿಲೋಮೀಟರಿನ ಮಾತು ಹೇಳಿ ಕಳಿಸಿದ್ದ. ನಾಲ್ಕನೆಯ ದಿನ ಕಮಲಾಪುರದ ಈಚೆಯ ಇಳಿಜಾರಿನಲ್ಲಿ, ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ತುಂಬಿಕೊಂಡು ಬರುತ್ತಿದ್ದ ಲಾರಿ ಊಳಿಡುತ್ತಾ, ಹೊಗೆ ಕಾರುತ್ತಾ ಬಂದು ತಿರುವಿನಲ್ಲಿ ಕೆಳಗುರುಳಿತು. ರಾಮಣ್ಣ ಉಳಿಯಲಿಲ್ಲ. ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಲಾಲ್ ಅಹ್ಮದ್, "ಗಾಡಿ ಠೀಕ್ ಇತ್ತು ಸಾಬ್" ಎಂದುಬಿಟ್ಟ. ಗಾಡಿ ಸರಿ ಇದ್ದ ಮೇಲೆ ತಪ್ಪು ಡ್ರೈವರನದೇ ಅಲ್ಲವೆ. ಬುದ್ಧವಿಹಾರದಲ್ಲಿ ಪಂಚಶೀಲ ತಗೊಂಡು ಹನಿ ಸೆರೆ ಮುಟ್ಟದಿದ್ದ ಮನುಷ್ಯ ಕುಡಿದು ಓಡಿಸಿದನೆಂದು ಸುದ್ದಿಯಾಯಿತು. ಬೆಂಕಿ ಇಲ್ಲದೆ ಹೊಗೆಯಾಡೀತೆ ಎಂದರು ಜನ. ಶವಪರೀಕ್ಷೆಯ ವರದಿ ಏನೆಂದು ಬಂತೋ ಯಾರೂ ಕೇಳಲಿಲ್ಲ.

ಲಾಲ್ ಅಹ್ಮದನಿಗೆ ಆಗಲೇ ಅನುಮಾನವಿತ್ತು. ಅದಕ್ಕೇ ಅವನು ಬಿದ್ದ ಲಾರಿಯನ್ನು ನೋಡಲು ಹೋಗಲಿಲ್ಲ. ಯಾವುದಾದರೂ ಲಾರಿ ಜೋರಾಗಿ ಕೂಗಿದರೆ ಆರು ವರ್ಷದಿಂದ ಅವನ ಕೈಯ ಪಾನಾ ಬೋಲ್ಟಿನ ಮೇಲೆ ತಾನೇ ನಿಲ್ಲುತ್ತಿತ್ತು. ಈಗ ಆ ದನಿಯನ್ನು ಕಿವಿಯಾರೆ ಕೇಳಿದಂತಾಯಿತು. ಮನೆಗೆ ಹೋಗಿ ಎರಡು ಸಲ ಮಿಂದರೂ ಗಡ್ಡದಲ್ಲಿ ನೀಲಿ ಹೊಗೆಯ ವಾಸನೆ ಉಳಿಯಿತು. ಉಂಡ ಅನ್ನಕ್ಕೂ ಅದೇ ವಾಸನೆ. ಕಣ್ಣು ಮುಚ್ಚಿದರೆ ರಾಮಣ್ಣ ಕಿಟಕಿಯಿಂದ ಕೈ ಹೊರಗೆ ಚಾಚಿ ಕೀಲಿಕೈ ತೋರಿಸುತ್ತಿದ್ದ.

ಮೂರನೆಯ ದಿನ ಬೇರೆ ಟರ್ಬೋ ಕೂಡಿಸಿ, ದಿಲೀಪನಿಗೆ ಎಲ್ಲವನ್ನೂ ಹೇಳಿದ. ರಾಮಣ್ಣನ ಹೆಂಡತಿ ಕಸ್ತೂರಿಬಾಯಿಗೂ ಹೇಳಿಬರುತ್ತೇನೆಂದ.

"ಯಾಕ ಬೇಕು ಚಾಚಾ. ಸತ್ತಾಂವ ಎದ್ದು ಬರಂಗಿಲ್ಲ. ಸುದ್ದಿ ಹಬ್ಬಿದ್ರ ನಿಮ್ಮ ಗ್ಯಾರೇಜಿಗಿ ಯಾರೂ ಕಾಲಿಡಂಗಿಲ್ಲ ನೋಡ್ರಿ."

"ಗೊತ್ತದ," ಎಂದು ಅವನು ಲಾರಿ ಹತ್ತಿ ದಿಲೀಪನ ಪಕ್ಕದಲ್ಲಿ ಕೂತ.

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಸ್ತೂರಿಬಾಯಿ ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ಲಾಲ್ ಅಹ್ಮದ್ ಎದುರಿಗೆ ನೆಲದ ಮೇಲೆಯೇ ಕೂತು, ನೀಲಿ ಹೊಗೆಯಿಂದ ಹಿಡಿದು ಪೊಲೀಸಪ್ಪನ ತನಕ ಒಂದನ್ನೂ ಬಿಡದೆ ಹೇಳಿದ. ನಡುವೆ ಗಿರಾಕಿ ಬಂದರೆ ಅವಳು ಹಣ್ಣು ಕೊಟ್ಟು ಕಳಿಸುತ್ತಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಂವ ಕುಡದಿಲ್ಲಂತ ನನಗ ಆವತ್ತೇ ಗೊತ್ತಿತ್ತು," ಎಂದಳು ಕೊನೆಗೆ. "ನೀವು ಬಂದು ಹೇಳಿದ್ರಿ, ನಿಮ್ಮ ಎದಿ ಹಗುರಾತು. ನನಗೇನಾತು ಮಿಸ್ತ್ರಿ?"

ಅವಳು ರಸ್ತೆಯ ಕಡೆ ಕೈ ತೋರಿಸಿದಳು.

"ನಮ್ಮ ಹಳ್ಳಿ ದಾರಿ ಲಾರಿ ಬಿದ್ದ ಆ ತಿರುವಿನ್ಯಾಗೇ ಒಡೀತದ. ಮದಲ ಬೇವಿನಗಿಡ ಸ್ಟಾಪ್ ಅಂತಿದ್ರು. ರೋಡ್ ದೊಡ್ಡದು ಮಾಡುವಾಗ ಗಿಡ ಕಡದ್ರು. ಈಗ ಕಂಡಕ್ಟರ್ ಮಂದಿ ಅದಕ್ಕ ಕುಡುಕನ ತಿರುವು ಅಂತಾರ. ಟಿಕೇಟಿಗಿ ದಿನಾ ನಾನೂ ನನ್ನ ಬಾಯಿಂದ ಹಂಗೇ ಅನಬೇಕು. ಇಲ್ಲಂದ್ರ ಅವರಿಗಿ ತಿಳಿಯಂಗಿಲ್ಲ."

ಅವಳು ಉಳಿದ ಹಣ್ಣಿನ ಮೇಲೆ ಒದ್ದೆ ಅರಿವೆ ಹೊದಿಸಿ ಎದ್ದಳು. "ನನ್ನ ಬಸ್ ಬಂತು," ಎಂದಳು. ಲಾಲ್ ಅಹ್ಮದ್ ಕೇಳದೆಯೇ ಬುಟ್ಟಿ ಎತ್ತಿಕೊಂಡು ಅವಳ ಹಿಂದೆ ಬಸ್ಸು ಹತ್ತಿದ.

ಬಸ್ಸು ತುಂಬಿತ್ತು. ಶಾಲೆ ಬಿಟ್ಟು ಹೊರಟ ಮಾಸ್ತರರು, ಸಂತೆ ಮುಗಿಸಿದ ಹೆಂಗಸರು. ಕಂಡಕ್ಟರ್ ಮೊದಲು ಅವನ ಹತ್ತಿರ ಬಂದ.

"ಎಲ್ಲಿಗ್ರಿ ಚಾಚಾ?"

"ರಾಮಣ್ಣನ ತಿರುವು. ಒಂದು."

"ಹಂಗಂತ ಸ್ಟಾಪ್ ಇಲ್ಲಲ್ರಿ."

"ಅದ. ನೀವು ಕುಡುಕನ ತಿರುವು ಅಂತೀರಲ್ಲ, ಅದೇ."

ಕಂಡಕ್ಟರ್ ನಕ್ಕ. "ಎಲ್ಲಾರೂ ಹಂಗೇ ಅಂತಾರ್ರಿ."

ಲಾಲ್ ಅಹ್ಮದ್ ಸರಳು ಹಿಡಿದು ಸೀಟಿನಿಂದ ಎದ್ದು ನಿಂತ. ದನಿ ಗ್ಯಾರೇಜಿನ ದನಿಯಾಗಿತ್ತು.

"ಅಂವ ಕುಡದಿರಲಿಲ್ಲ. ಗಾಡಿ ಕೆಟ್ಟಿತ್ತು. ನೋಡ್ರಿ ಅಂತ ನನ್ನ ಕಡೆ ತಂದಿದ್ದ, ನಾ ಎದ್ದು ನೋಡ್ಲಿಲ್ಲ. ಆಮ್ಯಾಲ ಪೊಲೀಸರಿಗಿ ಸುಳ್ಳ ಹೇಳಿದೆ. ಎಲ್ಲಾರೂ ಕೇಳ್ಕೊಳ್ರಿ."

"ಹೊಗಿ ನೋಡೋ ಲಾಲ್ ಅಹ್ಮದ್ ಅಲ್ಲೇನ್ರಿ ನೀವು?" ಎಂದು ಹಿಂದಿನ ಸೀಟಿನಿಂದ ಒಬ್ಬ ಕೇಳಿದ.

"ಹೌದು, ಅವನೇ."

ಬಸ್ಸು ಇಳಿಜಾರು ಇಳಿಯತೊಡಗಿತು. ಕಂಡಕ್ಟರ್ ಎರಡು ಸೀಟು ಮುಂದೆ ಹೋಗಿ ಕಸ್ತೂರಿಬಾಯಿಯ ಎದುರು ನಿಂತ. ಅವಳು ದಿನದಂತೆ ಆಧಾರ್ ಕಾರ್ಡು ಮುಂದೆ ಹಿಡಿದಳು.

"ನಿಮಗ ಎಲ್ಲಿಗ್ರಿ ಅಕ್ಕಾ?"



"ರಾಮಣ್ಣನ ತಿರುವು," ಎಂದಳು. ಹಿಂದಿನವರಿಗೆ ಕೇಳಿಸಿತೋ ಇಲ್ಲವೋ ಎಂಬಂತೆ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಅಂದಳು.

ಕಂಡಕ್ಟರ್ ಅವಳ ಉಚಿತ ಟಿಕೇಟು ಹರಿದುಕೊಟ್ಟ. ಅವಳು ಅದನ್ನು ಮಡಿಸದೆ, ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ, ಅಂಗೈಯಲ್ಲಿ ಹಿಡಿದುಕೊಂಡು ಕೂತಳು.