ಹುಣಸೆ ಬೀಜ ಅಂಟಿಸಿದ ಗುಂಡಿ

ನಮ್ಮ ಮನೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ತಿಕ್ಕುವ ಹಬ್ಬ. ಕೊಡಲಿಯಿಂದ ಹಿಡಿದು ಜೀಪಿನವರೆಗೆ ಎಲ್ಲವೂ ಹೊಳೆಯದಿದ್ದರೆ ನನಗೆ ಸಮಾಧಾನವಿಲ್ಲ. ಎಂಬತ್ತಾರನೇ ಇಸವಿಯಲ್ಲಿ ಜೀಪಿನ ಸ್ಟಿಯರಿಂಗ್ ಪಕ್ಕದ ಎರಡು ಕರಿ ಗುಂಡಿಗಳನ್ನೂ ಬಿಡಲಿಲ್ಲ. ತಿರುಚಿ ಬಿಚ್ಚಿ, ಎಣ್ಣೆ ಹಚ್ಚಿ ಒರೆಸಿ, ಮತ್ತೆ ಕೂಡಿಸಿದೆ. ಒಂದಕ್ಕೆ ದಾರ ಸುತ್ತಿತ್ತು, ಇನ್ನೊಂದಕ್ಕೆ ಹುಣಸೆ ಬೀಜ ಅಂಟಿಸಿತ್ತು. ಅದು ನಮ್ಮ ಡ್ರೈವರ್ ಬುರಾನುದ್ದೀನನ ಕೆಲಸ. ದಾರ ದೀಪಕ್ಕೆ, ಬೀಜ ವೈಪರಿಗೆ. "ಕಣ್ಣ ರಸ್ತಾ ಬಿಡಬಾರದ್ರಿ ಅವ್ವಾರ, ಕೈಗೆ ತಾನ ತಿಳೀಬೇಕ್ರಿ" ಎನ್ನುತ್ತಿದ್ದ. ಯಾವುದು ಎಲ್ಲಿತ್ತು ಎಂದು ನಾನು ನೋಡಲಿಲ್ಲ. ಹೊಳೆದರೆ ಸಾಕಿತ್ತು.

ಮರುದಿನ ಸಂಜೆ ಮಗಳು ಗಂಗಾಬಾಯಿಗೆ ಹೆರಿಗೆ ಬೇನೆ ಹತ್ತಿತು. ಕೂಸು ಅಡ್ಡ ತಿರುಗಿದೆ ಎಂದಳು ಸೂಲಗಿತ್ತಿ. ಮಣ್ಣೂರಿನಿಂದ ಅಫಜಲಪುರದ ದವಾಖಾನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಮಬ್ಬುಗತ್ತಲಾಯಿತು. ಬುರಾನುದ್ದೀನ ರಸ್ತೆಯನ್ನೇ ನೋಡುತ್ತ ದಾರದ ಗುಂಡಿ ತಿರುವಿದ. ದೀಪ ಹತ್ತಲಿಲ್ಲ. ಒಣ ಗಾಜಿನ ಮೇಲೆ ವೈಪರ್ ಕಿರ್ರೆಂದು ಆಡಿತು. ನಿನ್ನೆ ಗುಂಡಿ ಬಿಚ್ಚಿ ಕೂಡಿಸಿದ್ದು ನನಗೆ ನೆನಪಾಯಿತು. ಅವನು ಬಗ್ಗಿ ನೋಡಿ, ವೈಪರ್ ನಿಲ್ಲಿಸಿ, ಇನ್ನೊಂದನ್ನು ತಿರುವಿದ ಮೇಲೆ ದೀಪ ಬಂತು. ಅಷ್ಟರಲ್ಲಿ ಒಂದು ಗಾಲಿ ರಸ್ತೆ ಬಿಟ್ಟು ಇಳಿದಿತ್ತು.

"ತೊಳದಾಗ ವಾಯರಿನ್ಯಾಗ ನೀರ ಹೊಕ್ಕಾವ ಅನಸ್ತದ್ರಿ" ಎಂದ.

"ಇರಬೇಕ್ ಬಿಡಪಾ" ಎಂದೆ.

ಸುಳ್ಳು. ಆಳಿನ ಮುಂದೆ ತಪ್ಪು ಒಪ್ಪಲು ನನಗೆ ಬಾಯಿ ಬರಲಿಲ್ಲ. ಒಣ ದಿಮಾಕು ನನ್ನದು. ಈಗ ಬೈದುಕೊಂಡು ಏನು ಬಂತು?

ಹಳ್ಳದ ಸೇತುವೆ ಹತ್ತಿರ ಬರುವ ಹೊತ್ತಿಗೆ ಮಳೆ ಧೋ ಎಂದು ಸುರಿಯಿತು. ಗಾಜು ಮಸುಕಾಯಿತು. ಮಗಳು ನರಳುತ್ತಿದ್ದಳೆಂದು ಅವನು ವೇಗ ಕಡಿಮೆ ಮಾಡಿರಲಿಲ್ಲ. ಅವನ ಬೆರಳು ರೂಢಿಯಂತೆ ಹುಣಸೆ ಬೀಜವನ್ನು ಹುಡುಕಿ ತಿರುವಿತು. ದೀಪ ಆರಿತು. ಸೇತುವೆ ಎಲ್ಲಿ, ಹಳ್ಳ ಎಲ್ಲಿ, ಒಂದೂ ಕಾಣಲಿಲ್ಲ. ಬ್ರೇಕು ತುಳಿದರೂ ಜೀಪು ಎರೆಮಣ್ಣಿನ ಕೆಸರಿನಲ್ಲಿ ಜಾರುತ್ತಲೇ ಇತ್ತು. ಗಂಗಾ "ಯವ್ವಾ" ಎಂದು ನನ್ನ ಕೈ ಹಿಡಿದಳು.

ಆಗ ಬಾಯಿಬಿಟ್ಟೆ.

"ಬುರಾನ, ಗುಂಡಿ ಅದಲಬದಲ ಆಗ್ಯಾವೋ! ನಾನ ಹಾಕೇನಿ!"

ಇಪ್ಪತ್ತು ವರ್ಷ ನಮ್ಮಲ್ಲಿ ದುಡಿದವನು. ನಾನು ಮಾತಾಡಿಸಿದರೆ ಬೇರೆ ಕಡೆ ಮುಖ ಮಾಡಿ ಉತ್ತರ ಕೊಟ್ಟವನೇ ಅಲ್ಲ.

"ಏನಂದ್ರಿ ಅವ್ವಾರ?" ಎಂದು ಪೂರ್ತಿ ಹಿಂದೆ ತಿರುಗಿ ನನ್ನ ಮುಖ ನೋಡಿದ.

ಗಾಲಿ ಸೇತುವೆಯ ಕಲ್ಲಿಗೆ ಬಡಿದು ಜೀಪು ಹಳ್ಳಕ್ಕೆ ವಾಲಿತು. ಗಂಗಾಳ ಕೈ ನನ್ನ ಕೈಯಿಂದ ಜಾರಿಹೋಯಿತು.